ಗಂಟೆಗೆ ಮೊದಲು

ಸದಲಗಾದಿಂದ ಕಬ್ಬು ಹೇರಿಕೊಂಡು ಬಂದ ಸೀತವ್ವನ ಎತ್ತಿನ ಗಾಡಿ ಸಕ್ಕರೆ ಕಾರ್ಖಾನೆಯ ತೂಕದ ಕಾಟಾದ ಮೇಲೆ ಹತ್ತಿದ್ದೇ ತಡ, ತೂಕ ಮುಗಿಯಿತೆಂದು ಗಂಟೆ ಹೊಡೆಯಿತು. ಹೊರೆ ಇನ್ನೂ ಓಲಾಡುತ್ತಿತ್ತು. ಬೆದರಿದ ಎತ್ತುಗಳನ್ನು ಜಗ್ಗಿ ಹಿಡಿದು ಅವಳು ಕಿಟಕಿಯತ್ತ ಕೂಗಿದಳು: "ಎತ್ತ ಇನ್ನೂ ನಿಂತಿಲ್ಲೋ ತಮ್ಮಾ! ಇದೆಂಥಾ ತೂಕಾ?"

ಒಳಗೆ ಕಂಪ್ಯೂಟರಿನ ಮುಂದೆ ಲಗಮಣ್ಣ ಬೆಚ್ಚಿದ. ಅದನ್ನು ನಡೆಸುವ ಲಿನಕ್ಸ್ ತಂತ್ರಾಂಶದ ಹೊಸ ಆವೃತ್ತಿಯನ್ನು ನಿನ್ನೆಯಷ್ಟೇ ಹಾಕಿದ್ದ. ಕಾಟಾದ ತೂಕ ಓದಿ ಗಂಟೆ ಹೊಡೆಸುವ ಪುಟ್ಟ ಪ್ರೋಗ್ರಾಂ ಅದರಲ್ಲಿ ಓಡಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತು ಅದನ್ನು ಬರೆದವನು ಸೀತವ್ವನ ಮಗ ಗುರಪ್ಪ. ಹೋದ ಹಂಗಾಮಿನಲ್ಲಿ ಜ್ವರ ಬಂದು ತೀರಿಕೊಂಡಿದ್ದ. ಅವನ ಪ್ರೋಗ್ರಾಂ ಅನ್ನು ಹೊಸ ಆವೃತ್ತಿಗೆ ಹೊಂದಿಸುವಾಗ, ತೂಕಕ್ಕೆ ಮುನ್ನ ಸುಮ್ಮನೆ ಕಾಯಿಸುವ ಒಂದು ಸಾಲು ಲಗಮಣ್ಣನಿಗೆ ಕಂಡಿತ್ತು. ಹಳೆಯ ಆವೃತ್ತಿ ನಿಧಾನ, ಅದಕ್ಕೇ ಇರಬೇಕೆಂದು ಅಳಿಸಿಬಿಟ್ಟಿದ್ದ. ಈಗ ಗುರಪ್ಪ ಪ್ರತಿ ಗಾಡಿಗೂ ಹೇಳುತ್ತಿದ್ದ ಮಾತು ನೆನಪಾಯಿತು: "ತಡೀರಿ, ಎತ್ತ ಉಸಿರ ಬಿಡ್ಲಿ."

ಆ ಸಾಲನ್ನು ಮತ್ತೆ ಬರೆದ. "ಯವ್ವಾ, ಒಂದ ಸುತ್ತ ಹಾಕಿ ಮತ್ತ ಹತ್ತಸು," ಎಂದ. ಗಾಡಿ ಹತ್ತಿತು. ಗಂಟೆ ಸುಮ್ಮನಿತ್ತು. ಹೊರೆಯ ಓಲಾಟ ನಿಂತಿತು. ಎತ್ತುಗಳು ತಲೆ ತಗ್ಗಿಸಿ ಉದ್ದಕ್ಕೆ ಉಸಿರು ಬಿಟ್ಟವು. ಆಮೇಲೆ ಗಂಟೆ ಹೊಡೆಯಿತು.

ಸೀತವ್ವ ಹಗ್ಗ ಬಿಟ್ಟು ಬಂದು ಕಿಟಕಿಯ ಸರಳು ಹಿಡಿದಳು. "ಒಳಗ ಯಾರ ಕುಂತಾರೋ?"

"ನಾನ ಯವ್ವಾ, ಲಗಮಣ್ಣ."

"ನೀ ಕಾಣಾಕತ್ತಿ ಬಿಡು," ಎಂದಳು ಅವಳು, ದನಿ ತಗ್ಗಿಸಿ. "ನಿನ್ನ ಬಾಜೂಕ ಯಾರ ಅದಾರ?"

ಲಗಮಣ್ಣನಿಗೆ ಪಕ್ಕದ ಕುರ್ಚಿಯತ್ತ ತಿರುಗಿ ನೋಡುವ ಧೈರ್ಯ ಬರಲಿಲ್ಲ.