ಫಲಕದ ಎಡಗಡೆ

ಬಸ್ ನಿಲ್ದಾಣದಲ್ಲಿದ್ದ ಮುಖದ ಕ್ರೀಮಿನ ಜಾಹೀರಾತು ಫಲಕ, ಎದುರಿಗೆ ನಿಂತ ಹೆಂಗಸರಲ್ಲಿ ಒಬ್ಬಳನ್ನು ತನ್ನ ಕ್ಯಾಮೆರಾ ಕಣ್ಣಿನಿಂದ ಆರಿಸಿ, 'ಹಚ್ಚುವ ಮೊದಲು' ಎಂದು ಎಡಗಡೆ ಆಳೆತ್ತರಕ್ಕೆ ಮೂಡಿಸುತ್ತಿತ್ತು. ಬಲಗಡೆ 'ಹಚ್ಚಿದ ಮೇಲೆ' ಅವಳೇ ಬೆಳ್ಳಗೆ ಮಿರಮಿರ ಮಿಂಚುತ್ತಿದ್ದಳು. ಪೇಟೆಗೆ ಮೆಂತ್ಯೆ ಸೊಪ್ಪು ಮಾರಲು ಹೋಗುವ ದ್ಯಾಮವ್ವ ವರ್ಷಗಟ್ಟಲೆ ಆ ಎಡಗಡೆ ಮೂಡಿದವಳು. "ನಿನ್ನ ಕಣ್ಣ ಇಂಗಿಹೋಗ್ಲಿ" ಎಂದು ಫಲಕಕ್ಕೆ ಬೈದೇ ಅವಳು ದಿನಾ ಬಸ್ಸು ಹತ್ತುತ್ತಿದ್ದಳು.

ಇವತ್ತು ಫಲಕ ಅವಳನ್ನು ಬಿಟ್ಟು ಪಕ್ಕದಲ್ಲಿದ್ದ ಸೊಸೆ ನಿಂಗವ್ವನನ್ನು ಹಿಡಿಯಿತು.

"ನಿಮ್ಮ ಪೀಡಾ ಹೋತು ಬಿಡ್ರಿ ಅತ್ತಿ," ಎಂದಳು ನಿಂಗವ್ವ. "ವಯಸ್ಸಾದವ್ರನ್ನ ಅದು ಹಿಡಿಯೂದಿಲ್ಲಂತ. ಹಚ್ಚಿದ್ರೂ ಉಪಯೋಗ ಇಲ್ಲಂತ."

ದ್ಯಾಮವ್ವನ ಮೈ ಉರಿಯಿತು. ಬೈಯುತ್ತಲೇ ಓರೆಗಣ್ಣಲ್ಲಿ ಬಲಗಡೆಯವಳನ್ನು ನೋಡದೆ ಅವಳು ಒಂದು ದಿನವೂ ಬಸ್ಸು ಹತ್ತಿರಲಿಲ್ಲ. ಅವಳು ಬುಟ್ಟಿ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಸೊಸೆಯನ್ನು ಸರಿಸಿ ಬಾಗಿದ ಮೊಣಕಾಲಿನಲ್ಲೇ ಫಲಕದ ಎದುರು ಹೋಗಿ ನಿಂತಳು.

"ಖರೇನ ಇಂಗಿದುವೇನ ನಿನ್ನ ಕಣ್ಣ? ನಾ ಇಲ್ಲೇ ನಿಂತೀನಿ, ನೋಡು."

ಫಲಕ ಮಿಣುಕಿತು. ಎಡಗಡೆ ದ್ಯಾಮವ್ವ ಮೂಡಿದಳು. ದ್ಯಾಮವ್ವ ಸೊಸೆಯ ಕಡೆ ಗೆದ್ದವಳಂತೆ ನೋಡಿ, ಆಸೆಯಿಂದ ಬಲಗಡೆ ಕಣ್ಣು ಹೊರಳಿಸಿದಳು. ಅಲ್ಲಿಯೂ ಅದೇ ಸುಕ್ಕು, ಅದೇ ನರೆ. ಮೊಣಕಾಲು ಮಾತ್ರ ನೆಟ್ಟಗಾಗಿತ್ತು. ಮೇಲೆ ಕ್ರೀಮಿನ ಬದಲು ಮೊಣಕಾಲು ನೋವಿನ ಎಣ್ಣೆಯ ಹೆಸರಿತ್ತು.

ಬಸ್ಸು ಬಂತು. ದ್ಯಾಮವ್ವ ಬುಟ್ಟಿ ಎತ್ತಿಕೊಂಡು ಹತ್ತಿದಳು. ಬೈಯಲಿಲ್ಲ.