ಒತ್ತಿ ಹಿಡಿದ ಬೆರಳು

ಸ್ಪ್ರಿಂಗನ್ನು ಯಾರೋ ಬೇಕೆಂದೇ ತಿರುಚಿದ್ದರು. ರೇಡಿಯೋ ರಿಪೇರಿಯವನಿಗೆ ಈಗ ಅನುಮಾನವೇ ಉಳಿಯಲಿಲ್ಲ. ತುಕ್ಕು ಹಿಡಿದು ಸೋತ ಸ್ಪ್ರಿಂಗ್ ಬೇರೆ, ಇಕ್ಕಳ ಹಾಕಿ ಬಗ್ಗಿಸಿದ ಸ್ಪ್ರಿಂಗ್ ಬೇರೆ. ಅದೂ ಹೋದ ವಾರ ಅವನೇ ಕೈಯಾರೆ ಕೂರಿಸಿದ್ದ ಹೊಸ ಸ್ಪ್ರಿಂಗು! ಬ್ಯಾಟರಿ ಮುಚ್ಚಳದ ಕೊಂಡಿಯನ್ನೂ ಮುರಿದಿದ್ದರು.

ತಲೆಯೆತ್ತಿ ನೋಡಿದ. ಮಂಚದ ಮೇಲೆ ಮುದುಕರು ದಿಂಬಿಗೆ ಒರಗಿ, ರೇಡಿಯೋ ಯಾವಾಗ ಕೊಡ್ತಾನೋ ಎಂದು ಮಕ್ಕಳ ಹಾಗೆ ಕಾಯುತ್ತಿದ್ದರು. ಪಕ್ಕದಲ್ಲಿ ಮುಟ್ಟದ ಊಟದ ತಟ್ಟೆ. ಬಾಗಿಲ ಬಳಿ ಆಯಾ ನಿಂತಿದ್ದಳು. ಅವಳ ಕಣ್ಣು ಇವನ ಕೈಮೇಲೇ ಇತ್ತು.

ಕೆಲಸ ಒಪ್ಪಿಸಿದ್ದು ಮುದುಕರ ಮಗಳು. ಬೆಳಿಗ್ಗೆ ಬೇಕರಿ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ, ಹಾಗಾಗಿ ಮಾತೆಲ್ಲ ಫೋನಿನಲ್ಲೇ. "ಅಪ್ಪನಿಗೆ ಯಾರ ಗುರುತೂ ಸಿಗಲ್ಲ ಅಣ್ಣಾ. ಆದ್ರೆ ಆ ರೇಡಿಯೋ ಹಾಡದೇ ಇದ್ರೆ ಒಂದು ತುತ್ತೂ ಬಾಯಿಗಿಡಲ್ಲ. ಹೇಗಾದ್ರೂ ಅದನ್ನ ಬದುಕಿಸಿಕೊಡಿ. ಮನೇಲಿರ್ತಾರೆ, ಬಾಗಿಲು ತೆಗೀತಾರೆ" ಎಂದಿದ್ದಳು.

ಬಾಗಿಲು ತೆಗೆದದ್ದು ಈ ಹೆಂಗಸು. ನರೆತ ತಲೆ, ಹೆಗಲ ಮೇಲೊಂದು ಒರೆಸುವ ಬಟ್ಟೆ. ಒಳಗಿನಿಂದ ಮುದುಕರು "ಏ ಆಯಾ, ಯಾರದು?" ಎಂದು ಕೂಗಿದರು. ಇವನಿಗೂ ಅವಳು ಆಯಾ ಆದಳು.

ಮೊದಲ ಸಲ ಬಂದಾಗ ಟ್ರಾನ್ಸಿಸ್ಟರ್ ಹೆಣವೇ ಆಗಿತ್ತು. ಸೆಲ್ಲುಗಳು ಸೋರಿ ಒಳಗೆಲ್ಲ ಹಸಿರು ಹಿಟ್ಟು. ಕೆರೆದು, ತೊಳೆದು, ಸತ್ತ ಬಿಡಿಭಾಗ ಬದಲಿಸಿ, ವಾಲ್ಯೂಮ್ ಗುಂಡಿಯ ಕರಕರ ನಿಲ್ಲಿಸಿ ಹಾಡಿಸಿದ್ದ. ಬ್ಯಾಟರಿ ಮುಚ್ಚಳ ಮಾತ್ರ ಸಡಿಲವಿತ್ತು, ಇರಲಿ ಬಿಡು ಎಂದು ಹೋಗಿದ್ದ. ಅದೇ ತಪ್ಪಾಯಿತು. ಮುಚ್ಚಳವನ್ನು ಒತ್ತಿ ಹಿಡಿದರೆ ಮಾತ್ರ ಹಾಡು, ಬೆರಳು ತೆಗೆದರೆ ಮೌನ ಎಂದು ಮಗಳ ಫೋನು ಬಂತು.

ಎರಡನೇ ಸಲ ಬಂದವನು ಕಂಡದ್ದು ಇದು: ಆಯಾ ಮಂಚದ ಅಂಚಿನಲ್ಲಿ ಮುದುಕರ ಭುಜಕ್ಕೆ ಭುಜ ತಾಗಿಸಿ ಕೂತಿದ್ದಾಳೆ. ಹೆಬ್ಬೆರಳಿನಿಂದ ಮುಚ್ಚಳ ಅದುಮಿದ್ದಾಳೆ. ಉಗುರು ಬೆಳ್ಳಗಾಗಿದೆ. ಮುದುಕರು ಕಣ್ಣು ಮುಚ್ಚಿ ಕೇಳುತ್ತಿದ್ದಾರೆ. ಅಯ್ಯೋ ಪಾಪ ಅನ್ನಿಸಿ ಹೊಸ ಸ್ಪ್ರಿಂಗು, ಹೊಸ ಕೊಂಡಿ ಹಾಕಿದ್ದ.

ರೇಡಿಯೋ ತಾನೇ ಹಾಡಿದ್ದೇ ತಡ, ಮುದುಕರು ಪಕ್ಕಕ್ಕೆ ಸರಿದಿದ್ದರು. "ಆಯ್ತಲ್ಲಮ್ಮ, ಇನ್ನು ಏಳು. ಪರ ಹೆಂಗಸು ನನ್ನ ಮಂಚದ ಮೇಲೆ ಕೂತಿದ್ದು ನನ್ನ ಹೆಂಡ್ತಿಗೆ ಗೊತ್ತಾದ್ರೆ ನನ್ನ ಸಿಗಿದು ಹಾಕ್ತಾಳೆ! ತವರಿಗೆ ಹೋಗಿದ್ದಾಳೆ, ಇವತ್ತೋ ನಾಳೆಯೋ ಬಂದುಬಿಡ್ತಾಳೆ. ಈ ರೇಡಿಯೋ ತಂದಿದ್ದೂ ಅವಳ ಹಠಕ್ಕೇ."

ರಿಪೇರಿಯವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆಯಾ ನಗಲಿಲ್ಲ. ಎದ್ದು ಅಡುಗೆಮನೆಗೆ ಹೋಗಿದ್ದಳು.

ಈಗ ಮೂರನೇ ಸಲ. ಲೆಕ್ಕ ಹಾಕುವುದಕ್ಕೆ ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ. ಮುಚ್ಚಳ ಹಿಡಿದು ಕೂತರೆ ಪಾತ್ರೆ ತೊಳೆಯುವಂತಿಲ್ಲ, ನೆಲ ಒರೆಸುವಂತಿಲ್ಲ, ಆರಾಮಾಗಿ ಹಾಡು ಕೇಳಬಹುದು. ಎಲಾ ಇವಳಾ!

"ಇಕ್ಕಳ ಎಲ್ಲಿಟ್ಟಿದ್ದೀರಿ?" ಎಂದು ನೇರವಾಗಿ ಕೇಳಿದ.

ಅವಳು ಇಲ್ಲ ಎನ್ನಲಿಲ್ಲ. ಅಡುಗೆಮನೆಯಿಂದ ತಂದು ಅವನ ಮುಂದಿಟ್ಟಳು. "ಮುಚ್ಚಳ ಒಂದನ್ನ ಹಾಗೇ ಬಿಟ್ಟುಬಿಡಿ" ಎಂದಳು, ಮುದುಕರಿಗೆ ಕೇಳಿಸದ ಹಾಗೆ. "ನಾನು ಹಿಡ್ಕೋತೀನಿ. ನಂಗೇನೂ ಕೈ ನೋಯಲ್ಲ."

"ಅದ್ಯಾಕೆ ಅಂತ?"

"ಈ ಮನೇಲಿ ನಂಗೆ ಉಳಿದಿರೋ ಜಾಗ ಅದೊಂದೇ. ಅದನ್ನ ಕಿತ್ಕೋಬೇಡಿ, ದಮ್ಮಯ್ಯ."

ಕೆಲಸ ಹೋದೀತೆಂಬ ಭಯ ಎಂದುಕೊಂಡ. ಮನಸ್ಸು ಒಂದು ಗಳಿಗೆ ಕರಗಿತು, ನಿಜ. ಆದರೆ ಊಟದ ತಟ್ಟೆ ಕಣ್ಣಿಗೆ ಬಿತ್ತು. "ನೀವು ಕಾಯಿಲೆ ಬಿದ್ರೆ? ಆಗ ಅವರು ಉಪವಾಸ ಸಾಯ್ಬೇಕಾ?"

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತ ನಿಂತಳು.

ಈ ಸಲ ಅವನು ಸೆಲ್ಲಿನ ತಂಟೆಗೇ ಹೋಗಲಿಲ್ಲ. ಅಡಾಪ್ಟರಿನ ತಂತಿಯನ್ನು ಒಳಗೇ ಬೆಸುಗೆ ಹಾಕಿದ. ಪ್ಲಗ್ಗನ್ನು ಯಾರ ಕೈಗೂ ಎಟುಕದಂತೆ ಭಾರದ ಬೀರುವಿನ ಹಿಂದೆ ಸಿಕ್ಕಿಸಿದ. ಮುಚ್ಚಳಕ್ಕೆ ಸುತ್ತಲೂ ಅಂಟು ಮೆತ್ತಿ ತಿರುಪು ಬಿಗಿದ. "ಇನ್ನು ಬ್ರಹ್ಮ ಬಂದ್ರೂ ಕೆಡ್ಸೋಕಾಗಲ್ಲ!"

ರೇಡಿಯೋ ಹಾಡಿತು. ಗಟ್ಟಿಯಾಗಿ, ಸ್ವಚ್ಛವಾಗಿ. ಆಯಾ ಬಂದು ಮಂಚದ ಅಂಚಿನಲ್ಲಿ ಕೂತು, ಅಭ್ಯಾಸದಂತೆ ಮುಚ್ಚಳದ ಮೇಲೆ ಹೆಬ್ಬೆರಳಿಟ್ಟಳು. ಮುದುಕರು ಆ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟರು.

"ಸಾಕು ಆಯಾ. ಅದೇ ಹಾಡ್ತಿದೆಯಲ್ಲ. ನೀನು ಹೊರಗೆ ಹೋಗು."

ಅವಳು ಎದ್ದು ಹೊಸ್ತಿಲಾಚೆ ನಿಂತಳು. ಮುದುಕರು ತಟ್ಟೆ ಎಳೆದುಕೊಂಡು, ಹಾಡಿನ ಜೊತೆ ಗುನುಗತೊಡಗಿದರು. ನಡುವೆ ಒಂದು ಪದ ತಪ್ಪಿತು. ಹೊಸ್ತಿಲಾಚೆಯಿಂದ ಆಯಾ ಆ ಪದವನ್ನು ಮೆಲ್ಲಗೆ ಹೇಳಿಕೊಟ್ಟಳು. ಅವರು ಅದನ್ನು ಎತ್ತಿಕೊಂಡು ಹಾಡಿದರು, ತಿರುಗಿ ಮಾತ್ರ ನೋಡಲಿಲ್ಲ.

ರಿಪೇರಿಯವನು ಮೆಟ್ಟಿಲಿಳಿಯುತ್ತಲೇ ಮಗಳಿಗೆ ಫೋನು ಮಾಡಿದ. ಇಂಥದ್ದನ್ನು ಮುಚ್ಚಿಡುವುದು ಅವನ ಜಾಯಮಾನವಲ್ಲ.

"ನೋಡಮ್ಮ, ನಿಮ್ಮ ತಂದೆ ಊಟಕ್ಕೆ ಕೂತಿದ್ದಾರೆ. ರೇಡಿಯೋ ಇನ್ನು ಈ ಜನ್ಮದಲ್ಲಿ ಕೆಡಲ್ಲ. ಕೆಡಿಸ್ತಿದ್ದೋರು ಯಾರು ಅಂತಾನೂ ಗೊತ್ತಾಯ್ತು. ನಿಮ್ಮ ಆಯಾ! ಪಕ್ಕದಲ್ಲಿ ಕೂತು ಮುಚ್ಚಳ ಹಿಡ್ಕೊಳ್ಳೋಕೆ ತಾನೇ ಮುರೀತಿದ್ಲು. ಅವಳನ್ನ ಬಿಡಿಸಿ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಆ ಕಡೆ ಬೇಕರಿಯ ಯಂತ್ರದ ಸದ್ದು ದೂರವಾಯಿತು, ಮಗಳು ಹೊರಗೆ ಬಂದಿರಬೇಕು.

"ನಮ್ಮನೇಲಿ ಆಯಾ ಯಾರೂ ಇಲ್ಲ ಅಣ್ಣಾ" ಎಂದಳು ಮಗಳು. "ಅವರು ನಮ್ಮಮ್ಮ."