ಅಡ್ಡಿಲ್ಲೆ

ವೈಕುಂಠ ರೇಡಿಯೇಟರಿನ ಮುಂದೆ ಹಿಡಿದ ಪೇಪರು ಅಂಟಿಕೊಳ್ಳದೆ ಜಾರಿ ಬಿತ್ತು. ಎಂಜಿನ್ ಓಡುತ್ತಿತ್ತು, ಫ್ಯಾನ್ ತಿರುಗುತ್ತಿತ್ತು, ಆದರೆ ಪೇಪರನ್ನು ಹಿಡಿದಿಡುವಷ್ಟು ಗಾಳಿ ಎಳೆಯುತ್ತಿರಲಿಲ್ಲ. ಬಗ್ಗಿ ನೋಡಿದ. ಶ್ರೀರಾಮ ತನ್ನ ಹಳೇ ಫಿಯೆಟ್ಟಿಗೆ ಫ್ಯಾನನ್ನು ಹಿಂದುಮುಂದಾಗಿ ಕೂಡಿಸಿದ್ದ. ಹೀಗೇ ಓಡಿಸಿದರೆ ಬೈಂದೂರು ಮುಟ್ಟುವುದರೊಳಗೆ ಎಂಜಿನ್ ಕುದಿಯುವುದು ಖಂಡಿತ.

ಒಂದು ತಿಂಗಳಿಂದ ಉರಿಯುತ್ತಿದ್ದ ವೈಕುಂಠನ ಹೊಟ್ಟೆ ಮೊದಲ ಸಲ ತಣ್ಣಗಾಯಿತು. ಗುಲ್ವಾಡಿಯ ಅವನ ಮನೆಯಲ್ಲೂ ಇಂಥದ್ದೇ ಅರವತ್ತೆರಡರ ಫಿಯೆಟ್ ಇತ್ತು. ಅದರ ಅಸಲಿ ಫ್ಯಾನಿಗಾಗಿ ಮೂರು ವರ್ಷ ಗುಜರಿ ಅಂಗಡಿಗಳನ್ನೆಲ್ಲ ಅಲೆದವನು ಅವನು. ಸಿಕ್ಕಿದ್ದು ಮಾತ್ರ ಮೊನ್ನೆ ಮೊನ್ನೆ ಹಳೇ ಕಾರಿನ ಹುಚ್ಚು ಹಿಡಿಸಿಕೊಂಡ ಬಸ್ರೂರಿನ ಈ ಶ್ರೀರಾಮನಿಗೆ!

"ಎಂತ ವೈಕುಂಠಣ್ಣ, ಸಮಾ ಆಯ್ತಾ?" ಡ್ರೈವರ್ ಸೀಟಿನಿಂದ ಶ್ರೀರಾಮ ಕೂಗಿದ.

"ಅಡ್ಡಿಲ್ಲೆ," ಎಂದ ವೈಕುಂಠ, ಬಿದ್ದ ಪೇಪರನ್ನು ಮಡಚಿ ಕಿಸೆಗೆ ತುರುಕುತ್ತ. ಕುಂದಾಪುರದ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ.

ಶ್ರೀರಾಮನ ಮುಖ ಅರಳಿತು. ಎಂಜಿನ್ ನಿಲ್ಲಿಸಿ ಇಳಿದು ಬಂದವನೇ ಡಿಕ್ಕಿ ತೆಗೆದು, ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಇನ್ನೊಂದು ಫ್ಯಾನನ್ನು ವೈಕುಂಠನ ಕೈಗಿಟ್ಟ. ಅದೇ ಕಂಪೆನಿ, ಅದೇ ನಾಲ್ಕು ರೆಕ್ಕೆ, ಒಂದು ಕಡೆಯೂ ತುಕ್ಕಿಲ್ಲ.

"ಎರಡ್ ಸಿಕ್ಕಿತ್ತ್ ಮಾರಾಯ್ರೆ. ಒಂದ್ ನಿಮ್ಗೇ ಅಂದೇಳಿ ತಂದದ್ದ್. ನಂಗೆ ಕೂಡ್ಸೂಕೆ ಬತ್ತಾ ಇಲ್ಯಾ ಅಂದೇಳಿ ಹೆದ್ರಿಕೆ ಇತ್ತ್, ಅದ್ಕೇ ಮೊದ್ಲ್ ನಂದ್ ಗಾಡಿಗೆ ಹಾಕಿ ನಿಮ್ಗೆ ತೋರ್ಸಿದ್ದ್."

ವೈಕುಂಠನ ಕೈ ಕಿಸೆಯ ಪೇಪರಿನತ್ತ ಹೋಯಿತು. ಶ್ರೀರಾಮ ಅವನ ಬೆನ್ನು ತಟ್ಟಿದ.

"ನಾಳೆ ಬತ್ತೆ. ನಿಮ್ದಕ್ಕೂ ನಾನೇ ಕೂಡ್ಸಿ ಕೊಡ್ತೆ, ಹೀಂಗೇ. ಅಡ್ಡಿಲ್ಲೆ ಅಲ್ದಾ?"